ಚೀಲ ಕಳೆದು ಎಷ್ಟು?

ಸಿಂದಗಿಯ ಕಾಳಪ್ಪ ಎದುರು ಬಂದರೆ ಗುರುತಿನವರು ಮೊದಲು ಹೊಟ್ಟೆ ಒಳಕ್ಕೆಳೆದುಕೊಳ್ಳುತ್ತಾರೆ, ಆಮೇಲೆ ಮಾತಾಡಿಸುತ್ತಾರೆ. ಯಾಕೆಂದರೆ ಅವನು ಆರಾಮ ಅದೀರೇನು ಎಂದು ಕೇಳುವ ಪೈಕಿಯವನಲ್ಲ. ತಲೆಯಿಂದ ಕಾಲಿನ ತನಕ ಒಮ್ಮೆ ನೋಡಿ, "ಎಪ್ಪತ್ತೊಂದು. ಹೋದ ಸಂಕ್ರಾಂತಿಗೆ ಅರವತ್ತೆಂಟಿದ್ರಿ" ಎಂದುಬಿಡುತ್ತಾನೆ. ಮದುವೆಮನೆಯಲ್ಲಿ ಎಲ್ಲರೂ ವರನ ನೌಕರಿ ವಿಚಾರಿಸುತ್ತಿದ್ದರೆ ಇವನು ವರನ ತೂಕ ಹೇಳಿ ಬೀಗರ ಮುಖ ಗಂಟಿಕ್ಕುವಂತೆ ಮಾಡಿದ್ದಾನೆ. ಓಟು ಕೇಳಲು ಮನೆ ಬಾಗಿಲಿಗೆ ಬಂದ ಪುಢಾರಿಯೊಬ್ಬರಿಗೆ, "ಐದು ವರ್ಷದಾಗ ಹನ್ನೊಂದು ಕಿಲೋ ಏರೀರಿ ನೋಡ್ರಿ" ಎಂದಿದ್ದ. ಅವರು ಮತ್ತೆ ಆ ಓಣಿಗೆ ಕಾಲಿಟ್ಟಿಲ್ಲ.

ಇದು ಸೊಕ್ಕಲ್ಲ, ಕಸುಬು. ಇಪ್ಪತ್ತೆಂಟು ವರ್ಷ ಕಾಳಪ್ಪ ಸಿಂದಗಿಯ ಮಾರುಕಟ್ಟೆ ಅಂಗಳದಲ್ಲಿ ತೂಕದವನಾಗಿದ್ದ. ತೊಗರಿ, ಜೋಳ, ಕಡಲೆ ಯಾವುದೇ ಬರಲಿ, ಹಮಾಲರು ಚೀಲವನ್ನು ಕಾಟಾದ ಮೇಲೆ ಇಳಿಸುವ ಮೊದಲೇ ಅವನ ಕಣ್ಣು ತೂಕ ಹೇಳಿರುತ್ತಿತ್ತು. ಕಾಟಾ ಸುಮ್ಮನೆ ಹೌದು ಎನ್ನುತ್ತಿತ್ತು. ಎಣಿಕೆಯನ್ನು ಅವನೆಂದೂ ಒಂದು ಎಂದು ಶುರು ಮಾಡಿದವನಲ್ಲ. ರಾಶಿ ಅಳೆಯುವವರ ರೂಢಿಯಂತೆ ಮೊದಲನೆಯದಕ್ಕೆ "ಲಾಭ", ಆಮೇಲೆ ಎರಡು, ಮೂರು. ಪ್ರತಿ ಚೀಲದಲ್ಲೂ ಒಂದು ಕಿಲೋ ಗೋಣಿಯ ತೂಕವೆಂದು ಕಳೆಯುವುದು, ಕಾಟಾ ಐವತ್ತೊಂದು ತೋರಿಸಿದರೆ ಐವತ್ತು ಬರೆಯುವುದು, ಬರೆದದ್ದನ್ನು ಗಟ್ಟಿಯಾಗಿ ಕೂಗುವುದು. ದಿನಕ್ಕೆ ಮುನ್ನೂರು ಚೀಲ. ಯಾವ ಸಾಹುಕಾರನಿಗಾಗಿಯೂ ಅವನು ಕಾಟಾದ ಮೇಲೆ ಬೆರಳಿಟ್ಟವನಲ್ಲ ಎಂದು ರೈತರೂ ಹೇಳುತ್ತಾರೆ, ಸಾಹುಕಾರರೂ ಹೇಳುತ್ತಾರೆ. ಎರಡೂ ಕಡೆಯವರು ಒಬ್ಬನ ಬಗ್ಗೆ ಒಂದೇ ಮಾತು ಹೇಳುವುದು ಮಾರುಕಟ್ಟೆಯಲ್ಲಿ ಸಣ್ಣ ಸಂಗತಿಯಲ್ಲ.

ಆಮೇಲೆ ಕಂಪ್ಯೂಟರಿನ ಕಾಟಾ ಬಂತು. ತಾನೇ ತೂಗಿ, ತಾನೇ ಕಳೆದು, ತಾನೇ ಚೀಟಿ ಹರಿದು ಕೊಡುವ ಯಂತ್ರದ ಪಕ್ಕದಲ್ಲಿ ಕಣ್ಣಿಗೇನು ಕೆಲಸ? ಕಾಳಪ್ಪ ಐವತ್ತಾರಕ್ಕೆ ಮನೆ ಸೇರಿದ. ಮನೆಯಲ್ಲಿ ಕೂತು ಹೆಂಡತಿ ಕಾಶಿಬಾಯಿ ಬಡಿದ ರೊಟ್ಟಿಗಳನ್ನು ತೂಗತೊಡಗಿದ. "ಇದು ಎಂಬತ್ತು ಗ್ರಾಂ ಐತಿ, ಇದು ತೊಂಬತ್ತು. ಯಾಕ ಹಿಂಗ?" ಎಂದು ಎರಡು ತಿಂಗಳು ಕೇಳಿದ. ಮೂರನೇ ತಿಂಗಳು ಕಾಶಿಬಾಯಿ ಹಿಟ್ಟು ನಾದುವ ಕೊಣಮಿಗೆಯ ಮುಂದಿನಿಂದ ಎದ್ದು ನಿಂತಳು. "ಎಲ್ಲೆರೆ ಹೋಗಿ ಏನರೆ ತೂಗ್ರಿ. ನನ್ನ ರೊಟ್ಟಿ ಬಿಡ್ರಿ."

ಅದೇ ಹೊತ್ತಿಗೆ ಊರಿಗೆ ವಿಮಾನ ಬಂತು.

ಕಂಪನಿಯ ಹೆಸರು ಕೃಷ್ಣಾಭೀಮಾ ಏರ್. ಹೆಸರಿನಲ್ಲಿ ಹೊಳೆ ಎರಡು, ಕೈಯಲ್ಲಿ ವಿಮಾನ ಒಂದೇ. ಒಂಬತ್ತು ಸೀಟು, ಮೂಗಿನ ಮೇಲೆ ಒಂದು ಫಂಕಾ. ಆಲಮೇಲ ರಸ್ತೆಯ ಮಗ್ಗುಲಲ್ಲಿ ಸಕ್ಕರೆ ಕಾರ್ಖಾನೆಯ ಧಣಿಯೊಬ್ಬ ಎಂದೋ ಮಾಡಿಸಿ ಬಿಟ್ಟಿದ್ದ ಓಡುದಾರಿ ಇತ್ತು. ಅಷ್ಟು ವರ್ಷ ಅದರ ಮೇಲೆ ಸುತ್ತಲ ಮಂದಿ ಜೋಳದ ತೆನೆ ಒಣಗಿಸಿಕೊಂಡಿದ್ದರು. ಅಲ್ಲಿಂದ ಸೋಮವಾರ, ಗುರುವಾರ ಮುಂಜಾನೆ ವಿಮಾನ ಹೊರಟು, ಮುದ್ದೇಬಿಹಾಳದಲ್ಲಿ ಒಮ್ಮೆ ಇಳಿದು ಎದ್ದು, ರತ್ನಾಗಿರಿಗೆ ಹೋಗುತ್ತದೆ. ದುಡಿಯಲು ಕೊಂಕಣ ಸೇರಿದ ಮಂದಿ ಈ ಸೀಮೆಯಲ್ಲಿ ಮನೆಗೊಬ್ಬರಿದ್ದಾರೆ, ಹಾಗಾಗಿ ಸೀಟು ಖಾಲಿ ಉಳಿಯುವುದಿಲ್ಲ. ತಮ್ಮೂರಿಗೂ ವಿಮಾನ ಬೇಕೆಂದು ಇಂಡಿಯವರೂ ಬಸವನ ಬಾಗೇವಾಡಿಯವರೂ ಅರ್ಜಿ ಹಾಕಿದ್ದಾರೆ. ಬಾಗೇವಾಡಿಯವರ ಅರ್ಜಿಯಲ್ಲಿ 'ಕೈ ಮಾಡಿದಲ್ಲಿ ನಿಲ್ಲಿಸತಕ್ಕದ್ದು' ಎಂಬ ಸಾಲೂ ಇದೆಯಂತೆ.

ಕಂಪನಿಯ ಮ್ಯಾನೇಜರ್ ಶ್ರೀವಲ್ಲಭರಾಯರು ಇಂಡಿಯವರು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಹುಬ್ಬಳ್ಳಿಯ ಮುಖ್ಯ ಕಚೇರಿಯಿಂದ ಫೋನು ಬಂದರೆ ಇಂಗ್ಲಿಷು. ತೂಕಕ್ಕೆ ಒಬ್ಬರು ಬೇಕೆಂದು ಹೇಳಿ ಕಳಿಸಿದ್ದರು. ಕಾಳಪ್ಪ ಹೋಗಿ ನಿಂತ.

"ಕಾಟಾ ನಡಸಲಿಕ್ಕೆ ಬರ್ತದೇನಪಾ?" ಎಂದರು ರಾಯರು.

ಕಾಳಪ್ಪ ಅವರನ್ನು ಒಮ್ಮೆ ನೋಡಿದ. "ಅರವತ್ಮೂರ್ರಿ. ಬೂಟು ಬ್ಯಾರೆ."

ರಾಯರು ಕಾಟಾ ಹತ್ತಿದರು. ಅರವತ್ತನಾಲ್ಕು. ಬೂಟು ಬಿಚ್ಚಿ ಮತ್ತೆ ಹತ್ತಿದರು. ಅರವತ್ತಮೂರು. ಅಂದೇ ಕಾಳಪ್ಪನಿಗೆ ನೀಲಿ ಅಂಗಿ, ನೀಲಿ ಟೊಪ್ಪಿಗೆ ಸಿಕ್ಕಿದವು. ಆರು ತಿಂಗಳು ನೋಡಿ ಆಮೇಲೆ ಕಾಯಂ ಎಂಬ ಮಾತೂ ಆಯಿತು. ಮನೆಗೆ ಬಂದು ಟೊಪ್ಪಿಗೆ ಹಾಕಿ ತೋರಿಸಿದಾಗ ಕಾಶಿಬಾಯಿ ಹಿಟ್ಟಿನ ಕೈಯಲ್ಲೇ ದೃಷ್ಟಿ ತೆಗೆದಳು.

ಆ ವಿಮಾನಕ್ಕೆ ತೂಕವೇ ಜೀವ. ದೊಡ್ಡ ವಿಮಾನಗಳಿಗೆ ಚೀಲ ತೂಗಿದರೆ ಸಾಕು, ಇದಕ್ಕೆ ಮನುಷ್ಯರನ್ನೂ ತೂಗಬೇಕು. ಸಿಂದಗಿಯ ಓಡುದಾರಿ ಉದ್ದವಿದೆ, ಮುದ್ದೇಬಿಹಾಳದ್ದು ಗಿಡ್ಡ. ಭಾರ ಹೆಚ್ಚಾದರೆ ಅಲ್ಲಿ ದಾರಿ ಮುಗಿಯುವುದರೊಳಗೆ ವಿಮಾನ ಏಳುವುದಿಲ್ಲ. ಬೇಸಿಗೆಯ ಬಿಸಿಲು ಏರಿದ ಮೇಲಂತೂ ಅದಕ್ಕೆ ಎತ್ತುವ ತಾಕತ್ತೇ ಕಡಿಮೆ, ಆದ್ದರಿಂದ ಒಂಬತ್ತು ಗಂಟೆಯೊಳಗೆ ಇಲ್ಲಿಂದ ಬಿಡಬೇಕು. ಚೀಲವನ್ನು ಹಿಡಿದುಕೊಂಡೇ ಕಾಟಾ ಹತ್ತಬೇಕು, ಎಲ್ಲರದೂ ಕೂಡಿ ಏಳುನೂರ ಇಪ್ಪತ್ತು ಕಿಲೋ ದಾಟಬಾರದು, ದಾಟಿದರೆ ಕಡೆಗೆ ತೂಗಿಸಿಕೊಂಡವರು ಇಳಿಯಬೇಕು. ನಿಯಮ ಇಷ್ಟೇ. ಅದನ್ನು ಮಂದಿಗೆ ತಿಳಿಸಿ ಹೇಳುವುದರಲ್ಲಿ ಕಾಳಪ್ಪನ ಕಾಲು ಆಯುಷ್ಯ ಹೋಯಿತು.

ಮೊದಲು ಹತ್ತಿದವರಿಗೆ ಅವನು "ಲಾಭ" ಎಂದು ಕೂಗುತ್ತಿದ್ದನಲ್ಲ, ತಾನೇ ಲಾಭ ಆಗಬೇಕೆಂದು ಮಂದಿ ಬೆಳಗಿನ ಆರಕ್ಕೇ ಬಂದು ಪಾಳಿ ಹಚ್ಚತೊಡಗಿದರು. ಗುತ್ತಿಗೆದಾರನೊಬ್ಬ ಕಾಟಾ ಎಂದರೆ ತುಲಾಭಾರ ಎಂದುಕೊಂಡು ಹಾರ ಹಾಕಿಕೊಂಡು ಬಂದ. ಹಾರ ಎರಡು ಕಿಲೋ ಇತ್ತು, ಅದನ್ನೂ ಬರೆದ. ಆಲಮೇಲದ ಜೈತುನಬಿ, ಎಪ್ಪತ್ತರ ಮುದುಕಿ, ರತ್ನಾಗಿರಿಯ ಮಗನ ಮನೆಗೆ ತಿಂಗಳಿಗೊಮ್ಮೆ ಹೋಗಿ ಸೊಸೆಯೊಡನೆ ಜಗಳ ಮಾಡಿ ಬರುವ ಗಟ್ಟಿ ಹೆಂಗಸು, ಕಾಟಾ ಹತ್ತಿದಾಗಲೆಲ್ಲ ಒಂದು ಕೈಯಿಂದ ಗೋಡೆ ಹಿಡಿಯುತ್ತಿದ್ದಳು.

"ಅವ್ವಾ, ಗ್ವಾಡಿ ಬಿಡ್ರಿ. ಗ್ವಾಡಿ ನಿಮ್ಮ ಜೋಡಿ ಬರೂದಿಲ್ಲ" ಎನ್ನುತ್ತಿದ್ದ ಕಾಳಪ್ಪ.

"ಬಿದ್ದಗಿದ್ದೇನು ಅಂತ ಹಿಡದೇನೋ, ತೂಕಾ ಕದಿಯಾಕಲ್ಲ!" ಎನ್ನುತ್ತಿದ್ದಳು ಅವಳು, ಕದಿಯಲಿಕ್ಕೇ ಹಿಡಿದವಳು.

ಹೆಂಗಸರ ತೂಕವನ್ನು ಅವನು ಕೂಗುತ್ತಿರಲಿಲ್ಲ. ಮೆತ್ತಗೆ ಬರೆದುಕೊಂಡು, "ಹಗರ ಅದೀರಿ ಬಿಡ್ರಿ" ಎನ್ನುತ್ತಿದ್ದ. ಇಷ್ಟು ನಯ ಮಾರುಕಟ್ಟೆಯಲ್ಲಿ ಅವನಿಗೆ ಬಂದಿದ್ದಲ್ಲ. ಆರು ತಿಂಗಳಲ್ಲಿ ನಾಲ್ಕು ತಿಂಗಳು ಹೀಗೆ ಸುಖವಾಗಿ ಕಳೆದವು.

ಐದನೇ ತಿಂಗಳು ವಿಮಾನ ನಡೆಸುವ ಮುಕ್ತಾ ಅವನನ್ನು ಬೇವಿನ ಗಿಡದ ನೆರಳಿಗೆ ಕರೆದಳು. ಮುಕ್ತಾಳದೂ ಇಂಡಿಯೇ. ಅವಳ ತಂದೆ ಸಾಲಿ ಮಾಸ್ತರರು. ಕಾಳಪ್ಪನಿಗೆ ಅವಳು ಕ್ಯಾಪ್ಟನ್ ಬಾಯಾರು, ಅವಳಿಗೆ ಇವನು ಕಾಕಾ.

"ಕಾಕಾ, ನಿಮ್ಮ ತೂಕದ ಹಾಳಿ ಒಂದು ಹೇಳ್ತದ, ನನ್ನ ವಿಮಾನ ಇನ್ನೊಂದು ಹೇಳ್ತದ. ಮುದ್ದೇಬಿಹಾಳದಾಗ ಏಳಬೇಕಾದಲ್ಲೆ ಏಳೂದಿಲ್ಲ. ಹತ್ತು ಮಾರು ತಡಾ ಮಾಡ್ತದ."

"ನನ್ನ ತೂಕದಾಗ ಫರಕಂದ್ರೇನ್ರಿ ಬಾಯಾರ?"

"ನಾ ಹಂಗನ್ನಲಿಲ್ಲ. ವಿಮಾನ ಅಂತದ."

ಆ ದಿನ ಕಾಳಪ್ಪ ಎರಡನೇ ರೊಟ್ಟಿ ಮುಟ್ಟಲಿಲ್ಲ. ಮರುದಿನ ಮಾರುಕಟ್ಟೆಗೆ ಹೋಗಿ, ಹಳೆಯ ಹಮಾಲ ಗೆಳೆಯ ಇಸ್ಮಾಯಿಲನ ಹೆಗಲ ಮೇಲೆ ಸರಕಾರಿ ಮುದ್ರೆಯ ಇಪ್ಪತ್ತು ಕಿಲೋದ ಎರಡು ಕಲ್ಲು ಹೊರಿಸಿಕೊಂಡು ಬಂದು ಕಾಟಾದ ಮೇಲೆ ಇಟ್ಟ. ನಲವತ್ತು. ಕೂದಲೆಳೆಯಷ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ. ಕಾಟಾ ಖರೆ ಇದೆ, ತಾನೂ ಖರೆ ಇದ್ದೇನೆ, ಹಾಗಾದರೆ ಸುಳ್ಳು ಯಾರದು ಎಂದು ಮೂರು ದಿನ ತಲೆ ಕೆರೆದುಕೊಂಡ.

ನಾಲ್ಕನೇ ದಿನ ಗುರುವಾರ. ಕಾಟಾ ಮುಗಿಸಿದ ಮಂದಿ ವಿಮಾನದ ಕಡೆ ನಡೆದಿದ್ದರು. ತಂತಿ ಬೇಲಿಯ ಹತ್ತಿರ ಒಬ್ಬ ಹೊಸ ಮದುವಣಗಿತ್ತಿಯನ್ನು ಅವಳ ತವರಿನ ಹೆಂಗಸರು ತಡೆದು ನಿಲ್ಲಿಸಿ, ಸೆರಗು ಒಡ್ಡಿಸಿ ಉಡಿ ತುಂಬುತ್ತಿದ್ದರು. ಗಂಡನ ಮನೆಗೆ ಹೊರಟ ಮಗಳನ್ನು ಉಡಿ ತುಂಬದೆ ಕಳಿಸುವ ಮನೆ ಈ ಕಡೆ ಯಾವುದಿದೆ? ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ಖಣ. ಅವ್ವ ಆದ ಮೇಲೆ ಅಜ್ಜಿ, ಅಜ್ಜಿ ಆದ ಮೇಲೆ ಸೋದರತ್ತೆ. ಕಾಳಪ್ಪ ಕಣ್ಣಲ್ಲೇ ತೂಗಿದ. ಮೂರು ಕಿಲೋ ಮುನ್ನೂರು! ಎಲ್ಲವೂ ಕಾಟಾ ಆದ ಮೇಲೆ!

"ಸಿಕ್ತ್ರಿ ರಾಯರ, ಸಿಕ್ತು!" ಎಂದು ಕೂಗುತ್ತ ಕಚೇರಿಗೆ ಓಡಿದ. ಕಳ್ಳನನ್ನು ಹಿಡಿದ ಪೊಲೀಸನಿಗೂ ಅಷ್ಟು ಖುಷಿ ಆಗಲಿಕ್ಕಿಲ್ಲ. ಮುಂದಿನ ಸೋಮವಾರದಿಂದ ಕಾಟಾದ ಈಚೆಗೆ ಒಂದು ಚಾಪೆ, ಅರಿಷಿಣ ಕುಂಕುಮದ ತಟ್ಟೆ, ಗೋಡೆಗೆ 'ಉಡಿ ತುಂಬುವ ಸ್ಥಳ' ಎಂಬ ಬೋರ್ಡು. ಉಡಿ ಮೊದಲು, ಕಾಟಾ ಆಮೇಲೆ. ದೇಶದ ಬೇರೆ ಯಾವ ವಿಮಾನ ನಿಲ್ದಾಣದಲ್ಲಾದರೂ ಇಂಥ ಬೋರ್ಡು ಇದ್ದರೆ ಹೇಳಿ, ಹೋಗಿ ನೋಡಿ ಬರೋಣ.

ಆದರೆ ಎರಡು ವಾರ ಬಿಟ್ಟು ಮುಕ್ತಾ ತಲೆ ಅಲ್ಲಾಡಿಸಿದಳು. "ಕಡಿಮಿ ಆಗ್ಯದ ಕಾಕಾ. ಪೂರಾ ಹೋಗಿಲ್ಲ."

ಸುದ್ದಿ ಹುಬ್ಬಳ್ಳಿಗೆ ಮುಟ್ಟಿತು. ಸೋಮವಾರ ತಪಾಸಣೆಗೆ ಸಾಹೇಬರು ಬರುತ್ತಾರೆಂದು ಶ್ರೀವಲ್ಲಭರಾಯರು ತಿಳಿಸಿದರು. ಒಳ್ಳೆಯ ಮನುಷ್ಯ, ಹೇಳುವಾಗ ಮುಖ ನೋಡಲಿಲ್ಲ. "ತಪ್ಪು ಕಾಟಾದ್ದಲ್ಲ ಅಂತಾದ್ರ ಕಾಟಾದವಂದು ಅಂತಾರ, ಕಾಳಪ್ಪ. ನನ್ನ ಕೈಯಾಗ ಏನೂ ಇರೂದಿಲ್ಲ."

ಅದೇ ಸೋಮವಾರ ಕಾಶಿಬಾಯಿಯೂ ವಿಮಾನ ಹತ್ತುವವಳಿದ್ದಳು.

ಕಾಳಪ್ಪ, ಕಾಶಿಬಾಯಿಗೆ ಒಬ್ಬಳೇ ಮಗಳು, ರೇಣುಕಾ. ಅಳಿಯ ದುಂಡೇಶ ರತ್ನಾಗಿರಿಯ ಬಂದರಿನಲ್ಲಿ ಮೀನಿಗೆ ಮಂಜುಗಡ್ಡೆ ಮಾಡುವ ಕಾರ್ಖಾನೆಯಲ್ಲಿದ್ದಾನೆ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಿತ್ತು. ಆದರೆ ಕೂಸು ಅಡ್ಡ ತಿರುಗಿದೆ, ಎಲ್ಲಿಗೂ ಹೋಗಕೂಡದು ಎಂದು ಅಲ್ಲಿನ ಡಾಕ್ಟರು ತಡೆದರು. ಸೋಮವಾರ ಸಂಜೆ ನಾಲ್ಕಕ್ಕೆ ಆಪರೇಶನ್ ಎಂದು ಗೊತ್ತಾದದ್ದು ಶನಿವಾರ. "ಅವ್ವಾ, ನೀ ಬಂದು ನನ್ನ ಕೈ ಹಿಡಿಯೂತನಕ ನಾ ಒಳಗ ಹೋಗೂದಿಲ್ಲ" ಎಂದು ಮಗಳು ಫೋನಿನಲ್ಲಿ ಅತ್ತಿದ್ದಳು. ಬಸ್ಸೆಂದರೆ ಮೂರು ಕಡೆ ಇಳಿದು ಹತ್ತಬೇಕು, ಅದೂ ಅಲ್ಲದೆ ವಿಜಯಪುರ ಮುಟ್ಟುವುದರೊಳಗೆ ಕಾಶಿಬಾಯಿಗೆ ನಾಲ್ಕು ಸಲ ವಾಂತಿ. ರಾಯರು ಕಡೆಯ ಒಂದು ಸೀಟು ಹೊಂದಿಸಿ ಕೊಟ್ಟರು. ಭಾನುವಾರವಿಡೀ ಕಾಶಿಬಾಯಿ ಬಾಣಂತಿಗೆಂದು ಅಂಟಿನುಂಡಿ ಕಟ್ಟಿದಳು. ಜೊತೆಗೆ ನಾಲ್ಕು ಕಿಲೋ ಮಾಲದಂಡಿ ಜೋಳದ ಹಿಟ್ಟು ಇಟ್ಟುಕೊಂಡಳು. ರತ್ನಾಗಿರಿಯಲ್ಲಿ ಹಿಟ್ಟು ಸಿಗುವುದಿಲ್ಲವೇ ಎಂದು ಗಂಡ ಕೇಳಿದ್ದಕ್ಕೆ, "ಸಿಗತೈತಿ. ರೊಟ್ಟಿ ಆಗೂದಿಲ್ಲ" ಎಂದಳು.

ಸೋಮವಾರ ಎಂಟಕ್ಕೆ ತಪಾಸಣೆಯ ಸಾಹೇಬರು ಬಂದು ಮೇಜಿಗೆ ಕೂತರು. ಮೈಸೂರಿನ ಕಡೆಯವರು, ಮೆತ್ತನೆಯ ಮಾತು, ಮೂಗಿನ ತುದಿಗೆ ಕನ್ನಡಕ. ಆರು ತಿಂಗಳ ಹಾಳೆಗಳನ್ನು ಮುಂದೆ ಹರಡಿಕೊಂಡು, "ನೀವು ನಿಮ್ಮ ಕೆಲಸ ಮಾಡಿ, ನಾನು ನೋಡ್ತಿರ್ತೀನಿ" ಎಂದರು.

ಕಾಳಪ್ಪ ಒಬ್ಬೊಬ್ಬರನ್ನೇ ಹತ್ತಿಸಿದ. ಜೈತುನಬಿ ಲಾಭ. ಎರಡನೆಯವರು ಬಸಣ್ಣ ಮಾಸ್ತರರು. ಮೂರನೆಯವಳು ರಾಜಶ್ರೀ, ಉಡಿ ತುಂಬಿಸಿಕೊಂಡು ಗಂಡನ ಮನೆಗೆ ಹೊರಟವಳು. ಹೀಗೆ ಎಂಟು ಮಂದಿ. ತನ್ನ ಹೆಂಡತಿಯನ್ನು ಮೊದಲು ಹತ್ತಿಸಿದ ಎನ್ನಿಸಿಕೊಳ್ಳಬಾರದೆಂದು ಕಾಶಿಬಾಯಿಯನ್ನು ಕಡೆಗೆ ನಿಲ್ಲಿಸಿದ್ದ. ಅವಳು ಚೀಲ ಎದೆಗವಚಿಕೊಂಡು ಕಾಟಾ ಹತ್ತಿದಳು. ಇಬ್ಬರೂ ಮುಳ್ಳು ನೋಡಿದರು. ಕಾಳಪ್ಪ ಬರೆದ.

"ರೀ" ಎಂದಳು ಕಾಶಿಬಾಯಿ, ಅಂಗಳಕ್ಕೆಲ್ಲ ಕೇಳುವ ದನಿಯಲ್ಲಿ. "ಅಲ್ಲೆ ಅರವತ್ನಾಕು ಐತಿ. ನೀವು ಅರವತ್ಮೂರು ಬರದ್ರಿ. ನಾ ಏನು ಗೋಣಿಚೀಲದಾಗ ಬಂದೇನೇನು?"

ಮಂದಿ ನಕ್ಕರು. ಕಾಳಪ್ಪನೂ ನಗಲು ಬಾಯಿ ತೆರೆದ. ತೆರೆದ ಬಾಯಿ ಹಾಗೇ ನಿಂತಿತು.

ಕಾಶಿಬಾಯಿ ವರ್ಷಗಟ್ಟಲೆ ಮಾರುಕಟ್ಟೆಗೆ ಅವನ ಬುತ್ತಿ ಒಯ್ದವಳು. ಅವನು ತೂಗುವುದನ್ನು ಸಾವಿರ ಸಲ ನೋಡಿದವಳು. ಕಾಳಪ್ಪ ತನ್ನ ಬಲಗೈ ನೋಡಿಕೊಂಡ. ಕಣ್ಣು ಅರವತ್ತನಾಲ್ಕು ನೋಡಿದ್ದು ನಿಜ. ಕೈ ಅರವತ್ತಮೂರು ಬರೆದದ್ದೂ ನಿಜ. ಅವನು ಮೇಲಿನ ಎಂಟು ಸಾಲು ಓದಿದ. ತೂಗಿದ್ದನ್ನು ಮರೆಯುವವನಲ್ಲ ಅವನು. ಜೈತುನಬಿಗೆ ಕಾಟಾ ಅರವತ್ತೇಳು ತೋರಿಸಿತ್ತು, ಹಾಳೆಯಲ್ಲಿ ಅರವತ್ತಾರು. ಮಾಸ್ತರರದು ತೊಂಬತ್ತೆರಡು, ಹಾಳೆಯಲ್ಲಿ ತೊಂಬತ್ತೊಂದು. ಎಲ್ಲರದೂ ಒಂದೊಂದು ಕಿಲೋ ಕಡಿಮೆ. ಆರು ತಿಂಗಳಿಂದ ಅವನು ಸಿಂದಗಿ ಸೀಮೆಯ ಮಂದಿಯನ್ನೆಲ್ಲ ಚೀಲ ಕಳೆದು ಬರೆದಿದ್ದ.

"ಏನಂತೆ? ಏನಂದ್ರು ಅವರು?" ಎಂದು ಸಾಹೇಬರು ತಲೆ ಎತ್ತಿದರು. "ನೀವುಗಳು ಇಷ್ಟು ಬೇಗ ಬೇಗ ಮಾತಾಡಿದ್ರೆ ಒಂದೂ ತಿಳಿಯಲ್ಲಪ್ಪ."

ಸಾಹೇಬರಿಗೆ ತಿಳಿದಿರಲಿಲ್ಲ. ಹಾಳೆಯ ಮೊತ್ತ ಸರಿಯಾಗಿ ಏಳುನೂರ ಇಪ್ಪತ್ತಿತ್ತು. ಯಾರೂ ಇಳಿಯಬೇಕಿರಲಿಲ್ಲ. ಏನಿಲ್ರಿ, ಹೆಣ್ಮಕ್ಕಳ ಚೇಷ್ಟಿ ಎಂದರೆ ಮುಗಿಯಿತು. ಗುರುವಾರದಿಂದ ಸರಿಯಾಗಿ ಬರೆದರೆ ವಿಮಾನವೂ ಸರಿಹೋಗುತ್ತದೆ, ನೌಕರಿಯೂ ಉಳಿಯುತ್ತದೆ. ಈಗ ಬಾಯಿ ಬಿಟ್ಟರೆ ಒಂಬತ್ತು ಕಿಲೋ ಹೆಚ್ಚು, ಕಡೆಗೆ ತೂಗಿಸಿಕೊಂಡವರು ಇಳಿಯಬೇಕು. ಕಡೆಗೆ ತೂಗಿಸಿಕೊಂಡವಳು ಕಾಟಾದ ಮೇಲೆ ಇನ್ನೂ ನಗುತ್ತ ನಿಂತಿದ್ದಳು. ಅಲ್ಲಿ ಮಗಳು ಕೈ ಹಿಡಿಯಲು ಕಾಯುತ್ತಿದ್ದಳು.

ಕಾಳಪ್ಪನ ಕಣ್ಣು ಹೊರಗೆ ಹೋಯಿತು. ಮುಕ್ತಾ ಹೊರಡುವ ಮುಂಚೆ ಮಾಡುವಂತೆ ವಿಮಾನದ ಸುತ್ತ ನಡೆಯುತ್ತ, ಅದರ ರೆಕ್ಕೆಯ ಮೇಲೆ ಕೈಯಾಡಿಸುತ್ತಿದ್ದಳು. ಇನ್ನು ಮುಕ್ಕಾಲು ತಾಸಿಗೆ ಅದೇ ಕೈ ಮುದ್ದೇಬಿಹಾಳದ ಗಿಡ್ಡ ದಾರಿಯಲ್ಲಿ ಇವನ ಹಾಳೆಯನ್ನು ನಂಬಿ ವಿಮಾನ ಎಬ್ಬಿಸಬೇಕು. ಇಪ್ಪತ್ತೆಂಟು ವರ್ಷ ಯಾರಿಗೂ ಬೆರಳಿಡದವನು ಇವತ್ತು ತನ್ನ ಮನೆಯವಳಿಗಾಗಿ ಇಡುವುದೇ?

"ಸಾಹೇಬ್ರ" ಎಂದ. "ತಪ್ಪು ಕಾಟಾದ್ದಲ್ರಿ, ವಿಮಾನದ್ದೂ ಅಲ್ರಿ. ನಂದು. ನಾ ಎಲ್ಲಾರದೂ ಒಂದೊಂದು ಕಿಲೋ ಚೀಲದ ತೂಕ ಅಂತ ಕಳದು ಬರದೇನ್ರಿ. ಮೊದಲನೇ ದಿನದಿಂದ. ಬೇಕಂತ ಮಾಡಿದ್ದಲ್ರಿ, ಕೈ ತಾನ ಮಾಡೇತಿ."

ಸಾಹೇಬರು ಕನ್ನಡಕ ತೆಗೆದರು. "ಆರು ತಿಂಗಳಿಂದ ಮನುಷ್ಯರಿಗೆ ಗೋಣಿಯ ತೂಕ ಕಳೀತಿದ್ರಾ?"

"ಹೌದ್ರಿ."

ಸಾಹೇಬರ ಮುಖ ಸಿಟ್ಟಾಗಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಅರ್ಧರ್ಧ ಮಾಡಿತು. ಬಾಗಿಲಲ್ಲಿ ಬಂದು ನಿಂತಿದ್ದ ಮುಕ್ತಾ ಮಾತ್ರ ಪೂರ್ತಿ ನಕ್ಕಳು. "ಅಂದ್ರ ನನಗೂ ಹುಚ್ಚಿಲ್ಲ, ನನ್ನ ವಿಮಾನಕ್ಕೂ ಹುಚ್ಚಿಲ್ಲ!"

"ಅದೆಲ್ಲ ಆಮೇಲೆ" ಎಂದರು ಸಾಹೇಬರು. "ಈಗ ಒಂಬತ್ತು ಕೆಜಿ ಜಾಸ್ತಿ ಇದೆ. ಕೊನೆಯ ಪ್ಯಾಸೆಂಜರ್ ಯಾರು?"

ರಾಯರು ಹಾಳೆ ನೋಡಿದರು. ನೋಡಿ ಅದನ್ನು ಮೇಜಿನ ಮೇಲೆ ಮಗುಚಿ ಇಟ್ಟರು. ಗೋಡೆಯ ಗಡಿಯಾರದಲ್ಲಿ ಎಂಟೂವರೆ.

ಕಾಶಿಬಾಯಿ ಕಾಟಾದಿಂದ ಇಳಿದಳು. ಅವಳು ಅಳಲಿಲ್ಲ, ಗಂಡನನ್ನು ಬೈಯಲಿಲ್ಲ. ನೆಲಕ್ಕೆ ಕೂತು ಚೀಲದ ಬಾಯಿ ಬಿಚ್ಚಿದಳು. "ಒಂಬತ್ತು ಕಿಲೋ ಅಂದ್ರೆಲ್ಲ. ನಾ ಇಳಿಯೂದಿಲ್ಲ, ನನ್ನ ಗಂಟು ಇಳೀತೈತಿ." ಹಿಟ್ಟಿನ ಗಂಟು ತೆಗೆದಿಟ್ಟಳು, ನಾಲ್ಕು ಕಿಲೋ. ಎರಡು ಸೀರೆ ತೆಗೆದಿಟ್ಟಳು. ಇನ್ನುಳಿದದ್ದು ಅಂಟಿನುಂಡಿಯ ಡಬ್ಬಿ. ಅದರ ಮೇಲೆ ಅವಳ ಕೈ ನಿಂತುಬಿಟ್ಟಿತು. ಕಾಳಪ್ಪನಿಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಏ ಕಾಶಿಬಾಯಿ, ಮುಚ್ಚ ಡಬ್ಬಿ!" ಎಂದಳು ಜೈತುನಬಿ. ಅವಳು ಗೋಡೆ ಬಿಟ್ಟು ಮುಂದೆ ಬಂದಿದ್ದಳು. "ನಿನ್ನ ಗಂಡ ಆರು ತಿಂಗಳಿಂದ ನಮಗೆಲ್ಲಾರಿಗೂ ಒಂದೊಂದು ಕಿಲೋ ಬಿಟ್ಟಾನ. ಬಾಣಂತಿ ಉಂಡಿ ಯಾಕ ತಗೀತಿ? ನಮ್ಮ ನಮ್ಮ 'ಚೀಲಾ' ನಾವು ನಾವು ಇಳಸ್ತೇವಿ." ಎಂದವಳೇ ತನ್ನ ಗಂಟಿನಿಂದ ಒಂದು ಕಿಲೋ ಶೇಂಗಾ ತೆಗೆದು ಕಾಟಾದ ಮುಂದೆ ಸುರಿದಳು. ಸೊಸೆಗೆಂದು ಒಯ್ಯುತ್ತಿದ್ದದ್ದು, ಅಷ್ಟೇನೂ ದುಃಖ ಆದಂತೆ ಕಾಣಲಿಲ್ಲ.

ಒಬ್ಬರು ಶುರು ಮಾಡಿದರೆ ಸಾಕು, ಈ ಸೀಮೆಯಲ್ಲಿ ಹಿಂದುಳಿದವರಿಗೆ ಮರ್ಯಾದೆಯಿಲ್ಲ. ಬಸಣ್ಣ ಮಾಸ್ತರರು ದಪ್ಪ ನಿಘಂಟು ಇಳಿಸಿದರು. ರಾಜಶ್ರೀ ಸೆರಗಿಗೆ ಕೈ ಹಾಕಿದ್ದೇ ನಾಲ್ಕು ಜನ ಒಟ್ಟಿಗೆ, "ಉಡಿ ಬ್ಯಾಡ!" ಎಂದು ಚೀರಿದರು, ಅವಳು ನಕ್ಕು ಹಿತ್ತಾಳೆಯ ದೀಪದ ಸಮೆ ತೆಗೆದಿಟ್ಟಳು. ಬೆಲ್ಲದ ಮುದ್ದೆ ಇಳಿಯಿತು, ಇಕ್ಕಳ, ಸುತ್ತಿಗೆ ಇಳಿದವು, ಯಾರದೋ ಉಪ್ಪಿನಕಾಯಿ ಇಳಿಯಿತು. ದಪ್ಪ ಮನುಷ್ಯನೊಬ್ಬ ಒಂದು ಲೀಟರಿನ ನೀರಿನ ಬಾಟಲಿ ತೆಗೆದು ಗಟಗಟ ಕುಡಿದು ಖಾಲಿ ಬಾಟಲಿ ಇಟ್ಟ.

"ಯಪ್ಪಾ, ಅದು ನಿನ್ನ ಹೊಟ್ಟ್ಯಾಗ ಕುಂತು ಬರತೈತೆಲ್ಲೋ" ಎಂದ ಕಾಳಪ್ಪ. ಆ ಮನುಷ್ಯ ನಾಚಿ ಒಂದು ಜೊತೆ ಬೂಟು ಇಳಿಸಿದ. ಕಾಶಿಬಾಯಿಯ ಸೀರೆಗಳೂ ಮೂರು ಕಿಲೋ ಹಿಟ್ಟೂ ಚೀಲಕ್ಕೆ ಮರಳಿದವು, ಅವಳ ಪಾಲಿನ ಒಂದು ಕಿಲೋ ಹಿಟ್ಟು ಮಾತ್ರ ಹೊರಗೆ ಉಳಿಯಿತು.

ಕಾಳಪ್ಪ ತಾನು ಕೂರಲು ಹಾಸಿಕೊಳ್ಳುತ್ತಿದ್ದ ಹಳೆಯ ಗೋಣಿಚೀಲವನ್ನು ಝಾಡಿಸಿದ. ಎಲ್ಲವನ್ನೂ ಅದರೊಳಗೆ ತುಂಬಿ ಕಾಟಾದ ಮೇಲೆ ಇಟ್ಟ. ಮಂದಿ ಕತ್ತು ಚಾಚಿದರು. ಮುಳ್ಳು ಹತ್ತಕ್ಕೆ ಹೋಗಿ ನಿಂತಿತು.

ಸಾಹೇಬರು ಬಗ್ಗಿ ನೋಡಿದರು. "ಹತ್ತು. ಒಂದು ಜಾಸ್ತೀನೇ ಇದೆಯಲ್ಲ?"

ಕಾಳಪ್ಪನಿಗೆ ಈಗ ತನ್ನ ಬಾಯಿಯ ಮೇಲೂ ನಂಬಿಕೆ ಉಳಿದಿರಲಿಲ್ಲ. ಆಗ ಮುಕ್ತಾ ಅವನ ಮುಖ ನೋಡಿ ಮೆಲ್ಲಗೆ ಕೇಳಿದಳು, "ಕಾಕಾ, ಚೀಲ ಕಳೆದು ಎಷ್ಟು?"

"ಒಂಬತ್ರಿ, ಬಾಯಾರ" ಎಂದ ಕಾಳಪ್ಪ. ಆರು ತಿಂಗಳಲ್ಲಿ ಕಳೆಯಬೇಕಾದ ಚೀಲ ಅದೊಂದೇ ಆಗಿತ್ತು. ಅವನ ಕಣ್ಣಲ್ಲಿ ನೀರು ಬಂತು, ಟೊಪ್ಪಿಗೆಯಿಂದ ಒರೆಸಿಕೊಂಡ.

ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ವಿಮಾನ ಎದ್ದಿತು. ಕಾಶಿಬಾಯಿ ಕಿಟಕಿಯಿಂದ ಕೈ ಬೀಸಿದಳೋ, ಕಣ್ಣು ಮುಚ್ಚಿಕೊಂಡಿದ್ದಳೋ ಕೆಳಗಿನವರಿಗೆ ತಿಳಿಯಲಿಲ್ಲ. ಹನ್ನೊಂದರ ಹೊತ್ತಿಗೆ ರತ್ನಾಗಿರಿಯಲ್ಲಿ ಇಳಿದ ಮುಕ್ತಾ ರಾಯರ ಫೋನಿಗೆ ಒಂದೇ ಸಾಲು ಕಳಿಸಿದಳು: ಮುದ್ದೇಬಿಹಾಳದಾಗ ಎಲ್ಲೆ ಏಳಬೇಕೋ ಅಲ್ಲೇ ಎದ್ದದ.

ಕಾಳಪ್ಪ ಟೊಪ್ಪಿಗೆ ತೆಗೆದು ಮೇಜಿನ ಮೇಲೆ ಇಟ್ಟ. ಸಾಹೇಬರು ಮಧ್ಯಾಹ್ನದವರೆಗೆ ಅದನ್ನು ಮುಟ್ಟಲೂ ಇಲ್ಲ, ಹಾಕಿಕೋ ಎನ್ನಲೂ ಇಲ್ಲ. ಬರೆದರು, ಹುಬ್ಬಳ್ಳಿಗೆ ಫೋನು ಮಾಡಿದರು, ಮತ್ತೆ ಬರೆದರು. ಸಂಜೆ ಐದರ ಹೊತ್ತಿಗೆ ಆರು ತಿಂಗಳ ಹಾಳೆಗಳ ಕಟ್ಟನ್ನು ಅವನ ಮುಂದೆ ಸರಿಸಿದರು.

"ನೋಡಿ, ಇಷ್ಟರಲ್ಲೂ ಒಬ್ಬೊಬ್ಬರಿಗೆ ಒಂದೊಂದು ಕೆಜಿ ಸೇರಿಸಿ ತಿದ್ದಬೇಕು. ಅದು ನಿಮ್ಮಿಂದ ಬಿಟ್ಟು ಬೇರೆಯವರಿಂದ ಆಗಲ್ಲ. ಮುಗಿಯೋ ತನಕ ನೀವು ಎಲ್ಲೂ ಹೋಗಂಗಿಲ್ಲ. ಮುಗಿದ ಮೇಲೂ ಹೋಗೋದು ಬೇಡ. ಆದ್ರೆ ಇನ್ನು ಮುಂದೆ ನೋಡೋದು ನಿಮ್ಮ ಕಣ್ಣು, ಬರೆಯೋದು ಇನ್ನೊಬ್ಬರ ಕೈ. ತಿಳೀತಾ?"

ಕಾಳಪ್ಪನಿಗೆ ಆ ಮೆತ್ತನೆಯ ಮಾತು ಪೂರ್ತಿ ತಿಳಿಯುವುದರೊಳಗೆ ರಾಯರು ಟೊಪ್ಪಿಗೆ ಎತ್ತಿ ಅವನ ತಲೆಯ ಮೇಲೆ ಇಟ್ಟಿದ್ದರು. ಅದೇ ಹೊತ್ತಿಗೆ ಅವನ ಫೋನು ರಿಂಗಾಯಿತು. ರತ್ನಾಗಿರಿಯಿಂದ ಕಾಶಿಬಾಯಿ.

"ಬಾಗಲದ ತನಕ ಅಕಿ ಕೈ ಹಿಡದಿದ್ದೆ ನೋಡ್ರಿ" ಎಂದಳು. ದನಿ ಒದ್ದೆಯಾಗಿತ್ತು. "ಹೆಣ್ಣು ಕೂಸು. ಇಬ್ರೂ ಆರಾಮ ಅದಾರ."

ಕಾಳಪ್ಪ ಅಂಗಳಕ್ಕೆ ಓಡಿ ಬಂದು, ಯಾರೂ ಇಲ್ಲದ ಓಡುದಾರಿಯ ಕಡೆ ಮುಖ ಮಾಡಿ, ಮಾರುಕಟ್ಟೆಯ ದಿನಗಳ ದೊಡ್ಡ ದನಿಯಲ್ಲಿ ಕೂಗಿದ. "ಲಾಭ!"

ಆಮೇಲೆ ಫೋನನ್ನು ಮತ್ತೆ ಕಿವಿಗಿಟ್ಟುಕೊಂಡು, ಕೇಳಬಾರದು ಕೇಳಬಾರದು ಎಂದುಕೊಳ್ಳುತ್ತಲೇ ಕೇಳಿದ. "ಎಷ್ಟೈತಿ?"

"ಎರಡು ಕಿಲೋ ಒಂಬೈನೂರು."

"ಸುತ್ತಿದ ಅರಿವಿ ಹಿಡದೋ, ಕಳದೋ?"

ಆ ಕಡೆ ಹಿಂದಿನಿಂದ ಕೂಸಿನ ಅಳು ಕೇಳುತ್ತಿತ್ತು.

"ಕಳದು" ಎಂದಳು ಕಾಶಿಬಾಯಿ. "ನಿಮ್ಮ ಹೇಣ್ತಿ ಅದೀನಿ, ಅಷ್ಟು ತಿಳಿಯೂದಿಲ್ಲೇನು? ನರ್ಸವ್ವಗ ಹೇಳಿ, ಅರಿವಿ ಬಿಚ್ಚಿಸಿ, ನಾನ ಮುಂದ ನಿಂತು ತೂಗಿಸೇನಿ. ಇನ್ನ ಅದರಾಗ ಏನೂ ಕಳೀಬ್ಯಾಡ್ರಿ."